ಸೂತಕದ ಮನೆಯ ಖಾರ

"ಆಕಿ ಒಂದ ಸಲ ಬಂದು ಕೇಳ್ತಾಳ ತಮ್ಮಾ. ಎರಡನೇ ಸಲ ಕೇಳಂಗಿಲ್ಲ. ಬಂದಾಗ ಹೂಂ ಅಂದುಬಿಡು."

ಶಿರಹಟ್ಟಿಯ ಆ ಓಣಿಗೆ ಸುಭಾಸ ಬಂದಿಳಿದ ದಿನವೇ ಎದುರುಮನೆಯ ಬೀರವ್ವ ಹೇಳಿದ ಮಾತಿದು. ಹೇಳುವಾಗ ಅವಳ ಕಣ್ಣು ಸುಭಾಸನ ಮುಖದ ಮೇಲಿರಲಿಲ್ಲ. ಅವನ ಬಾಡಿಗೆ ಮನೆಗೆ ಅಂಟಿಕೊಂಡಿದ್ದ ಕಳಕವ್ವನ ಮನೆಯ ಬಾಗಿಲ ಮೇಲಿತ್ತು. ಸುಭಾಸ ನಕ್ಕುಬಿಟ್ಟ.

"ನಾ ಬೆಟಗೇರಿಯಾಂವ ಬೇ. ಮಾಟಾ ಮಂತ್ರಾ ಎಲ್ಲಾ ನಮ್ಮ ಮಗ್ಗದ ಸಪ್ಪಳಕ್ಕ ಓಡಿಹೋಗ್ತಾವ."

ಬೆಟಗೇರಿಯಲ್ಲಿ ಮಗ್ಗಗಳ ಸದ್ದಿನಲ್ಲೇ ಹುಟ್ಟಿ, ಆ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವನು ಅವನು. ಸದ್ದಿದ್ದರೆ ಕೆಲಸ ನಡೆದಿದೆ, ಕೆಲಸ ನಡೆದರೆ ಒಲೆ ಉರಿಯುತ್ತದೆ, ಅಷ್ಟೇ ಅವನ ಲೆಕ್ಕ. ಹೆಂಡತಿ ಸೌಂದರ್ಯಾಳನ್ನು ಕರೆತಂದು, ಮನೆಯ ಮುಂದಿನ ಕೋಣೆಯಲ್ಲಿ ಖಾರ ಕುಟ್ಟುವ ಯಂತ್ರ ಹೂಡಿದ. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಒರಳಿಗೆ ಬೀಳತೊಡಗಿದವು. ಧಡ್. ಧಡ್. ಧಡ್. ನೆಲ ನಡುಗುತ್ತಿತ್ತು, ನಾಗೊಂದಿಗೆಯ ಪಾತ್ರೆಗಳು ನಡುಗುತ್ತಿದ್ದವು, ಓಣಿಯೆಲ್ಲ ಸೀನುತ್ತಿತ್ತು.

ಕಳಕವ್ವ ಬಂದಳು. ಹೊಸಿಲು ದಾಟಲಿಲ್ಲ. ಒಣಗಿದ ಬಾರಿಕೋಲಿನಂಥ ಮುದುಕಿ. ಅವಳ ಮಗ ನೀಲಪ್ಪ ಟ್ರ್ಯಾಕ್ಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಿದ್ದ. ಒನಕೆ ಬಿದ್ದಾಗೆಲ್ಲ ಗೋಡೆಯಾಚೆ ಚೀರುತ್ತಿದ್ದ.

"ಮಧ್ಯಾಹ್ನ ಒಂದೀಟು ನಿಂದ್ರಸಪಾ. ಅಂವಾ ಕಣ್ಣು ಮುಚ್ಚತಾನ," ಎಂದಳು.

"ಹತ್ತಿ ಇಡ್ರಿ ಕಿವ್ಯಾಗ," ಎಂದ ಸುಭಾಸ, ಯಂತ್ರಕ್ಕೆ ಇನ್ನೊಂದು ಬುಟ್ಟಿ ಮೆಣಸಿನಕಾಯಿ ಸುರಿಯುತ್ತ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಹಾಗಾಯಿತು. ಮುದುಕಿ ಬಯ್ಯಲಿಲ್ಲ. ಅವನನ್ನು ನೋಡಿದಳು, ಹೋದಳು.

ಸೌಂದರ್ಯಾಗೆ ಮಾತ್ರ ಅನ್ನ ಇಳಿಯಲಿಲ್ಲ. "ಕೇಳಿದ್ರ ಏನಾಕ್ಕಿತ್ರೀ? ಆಜೂಬಾಜೂದವರು. ನಾಳೆ ನಮಗೂ ಬೇಕಾಗ್ತಾರ," ಎಂದಳು. ಅವಳ ಮೇಲೆ ಅವನಿಗೆ ಜೀವ. ಅವಳಿಗೆ ಖಾರದ ಘಾಟು ಹತ್ತಬಾರದೆಂದೇ ಹಿಂದಿನ ಕೋಣೆಗೆ ದಪ್ಪ ಬಾಗಿಲು ಹಾಕಿಸಿದ್ದ. ಆದರೆ ಈ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ನೀಲಪ್ಪನಿಗೆ ಉಸಿರು ಸಿಕ್ಕಿಕೊಂಡಿತು. ಕಳಕವ್ವ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಜನರನ್ನು ಕೂಗಿದಳು. ಗೋಡೆ ಬಡಿದಳು. ಯಂತ್ರದ ಧಡ್ ಧಡ್ ಅವಳ ಕೂಗನ್ನು ಪೂರ್ತಿ ನುಂಗಿಹಾಕಿತು. ಬೀರವ್ವ ಮಜ್ಜಿಗೆ ಕೊಡಲೆಂದು ಹೋದಾಗ ಮಗ ತಣ್ಣಗಾಗಿದ್ದ; ತಾಯಿಯ ಗಂಟಲು ಬಿದ್ದುಹೋಗಿ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

ಆ ಓಣಿಯಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಿ ಸಾವಾದರೂ ಸೂತಕ ಕಳೆಯುವವರೆಗೆ ಅಕ್ಕಪಕ್ಕದವರು ಒರಳಿಗೆ ನೀರು ತುಂಬಿಡುತ್ತಾರೆ. ನೀರಿದ್ದ ಒರಳಿನಲ್ಲಿ ಯಾರೂ ಕುಟ್ಟುವುದಿಲ್ಲ. ಕುಟ್ಟಿದ ಪೆಟ್ಟು ಸತ್ತವನ ಎದೆಗೆ ಬೀಳುತ್ತದೆಂಬ ನಂಬಿಕೆ. ಸೂತಕದ ಮನೆಯ ಕಾಳು, ಖಾರವನ್ನು ಬೇರೆಯವರು ತಮ್ಮ ಒರಳಿಗೆ ಇಳಿಸುವುದೂ ಇಲ್ಲ. ಆ ಪೆಟ್ಟು ಕುಟ್ಟಿದವನ ಮನೆಗೇ ತಿರುಗುತ್ತದಂತೆ; ಪೆಟ್ಟು ತಿಂದವರಿಗೆ ಆಮೇಲೆ ಸಪ್ಪಳವೆಲ್ಲ ಪೆಟ್ಟೇ ಅಂತೆ. ಬೀರವ್ವ ಒಂದು ಕೊಡ ನೀರು ಹೊತ್ತು ಸುಭಾಸನ ಬಾಗಿಲಿಗೂ ಬಂದಳು.

"ಕರೆಂಟಿನ ಒಳ್ಳಿಗೆ ನೀರು ಹಾಕಿದ್ರ ಮೋಟರ್ ಸುಡತೈತಿ ಬೇ," ಎಂದು ಅವಳನ್ನು ಸಾಗಹಾಕಿದ. ಲಕ್ಷ್ಮೇಶ್ವರದ ಖಾನಾವಳಿಯೊಂದಕ್ಕೆ ಖಾರ ಕಳಿಸುವುದಿತ್ತು. ಹೆಣ ಓಣಿ ದಾಟುವಾಗಲೂ ಒನಕೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಹೆಣ ಹೊತ್ತವರ ಹೆಜ್ಜೆ ಆ ಸದ್ದಿಗೆ ತಪ್ಪುತ್ತಿತ್ತು. ಇಂಥವನಿಗೆ ಏನನ್ನಬೇಕು?

ಮಣ್ಣಾದ ಮರುದಿನ ಸೌಂದರ್ಯಾ ಬಿಸಿಲಿಗೆ ಹಿತ್ತಲ ಗೋಡೆಯ ಮೇಲೆ ಹಾಕಿದ್ದ ಕೌದಿಯನ್ನು ಒಳಗೆ ತಂದಳು. ತನ್ನ ಮದುವೆಯ ಹಸಿರು ಸೀರೆ ಹರಿದ ಮೇಲೆ ಅದರ ತುಂಡುಗಳನ್ನು ಸೇರಿಸಿ ತಾನೇ ಹೊಲಿದ ಕೌದಿ. ಅದರ ಒಂದು ಮೂಲೆ ಕತ್ತರಿಸಿಹೋಗಿತ್ತು.

"ಯಾರೋ ಕತ್ತರಿ ಆಡಿಸ್ಯಾರ್ರೀ."

"ಇಲಿ ಕಡದಿರ್ತಾವ ಬಿಡ," ಎಂದ.

ಅದೇ ಮಧ್ಯಾಹ್ನ ಕಳಕವ್ವ ಮತ್ತೆ ಬಂದಳು. ಈ ಸಲ ಯಂತ್ರ ನಿಲ್ಲಿಸೆಂದು ಕೇಳಲು ಅಲ್ಲ. ಕೈಯಲ್ಲಿ ಬಿಳಿ ಅರಿವೆಯ ಗಂಟು. ಬಾಯಿ ಕಟ್ಟಿದ್ದ ಗಂಟಿನೊಳಗಿಂದ ಮೆಣಸಿನಕಾಯಿಯ ಘಾಟು, ಅದರ ಹಿಂದೆ ಹಸಿಮಣ್ಣಿನ ವಾಸನೆ, ಅದಕ್ಕೂ ಹಿಂದೆ ಸುಟ್ಟ ಕೂದಲಿನ ವಾಸನೆ.

"ಖಾರಾ ಕುಟ್ಟಿ ಕೊಡಪಾ," ಎಂದಳು, ಬಿದ್ದುಹೋದ ಗಂಟಲಿನಿಂದ.

ಸೌಂದರ್ಯಾ ಒಳಬಾಗಿಲಲ್ಲಿ ನಿಂತು ಕೈಯಾಡಿಸಿದಳು. "ಸೂತಕದ ಮನಿ ಖಾರಾ. ಬ್ಯಾಡ್ರಿ."

ಸುಭಾಸನಿಗೆ ಒಳಗೊಳಗೇ ಹೆಮ್ಮೆ. ಮುದುಕಿ ದಾರಿಗೆ ಬಂದಳು, ಕಡೆಗೂ ನನ್ನ ಯಂತ್ರದ ಹತ್ತಿರವೇ ಬಂದಳು ಅಂದುಕೊಂಡ. ಗಂಟು ಇಸಿದುಕೊಂಡ. ತಲೆನೋವೆಂದು ಬೆಳಗಿನಿಂದ ನರಳುತ್ತಿದ್ದ ಹೆಂಡತಿಯನ್ನು ಮಲಗಲು ಕಳಿಸಿದ. ಅವಳು ಹಿಂದಿನ ಕೋಣೆಗೆ ಹೋಗಿ ಕೌದಿ ಹೊದ್ದು ಮಲಗಿದಳು.

ಗಂಟು ಬಿಚ್ಚಿ ಒರಳಿಗೆ ಸುರಿದ. ಕೆಂಪು ಕಾಯಿಗಳ ನಡುವೆ ಕರಿಮಣ್ಣು ಉದುರಿತು. ಹೊಲದ ಮಣ್ಣಿರಬೇಕೆಂದು ಗುಂಡಿ ಒತ್ತಿದ.

ಧಡ್.

ಮೊದಲ ಪೆಟ್ಟಿಗೆ ಕಾಯಿ ಒಡೆಯುವ ಚಟಚಟ ಕೇಳಲಿಲ್ಲ. ಮೆತ್ತಗಿನದೇನೋ ಅದುಮಿದ ಸದ್ದು. ಹಸಿಯಾಗಿರಬೇಕು. ಧಡ್. ಧಡ್. ಘಾಟು ಮೂಗಿಗೆ ಏರಿತು. ಅದರಲ್ಲಿ ಉಪ್ಪಿತ್ತು, ಕಬ್ಬಿಣವಿತ್ತು. ಮುದುಕಿ ಹೊರಗೆ ಕಟ್ಟೆಯ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು.

ಬೀರವ್ವ ಓಡಿಬಂದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಕೈ ಬೀಸುತ್ತಿದ್ದರು, ಬಾಯಿ ತೆರೆದಿದ್ದರು. ಬಂದವು ನೋಡು ತಕರಾರಿಗೆ, ಎಂದುಕೊಂಡ ಸುಭಾಸ. ಬಾಗಿಲು ಎಳೆದು ಅಗಳಿ ಹಾಕಿದ. ಕೋಣೆ ಕತ್ತಲಾಯಿತು. ಅವರು ಬಾಗಿಲು ಬಡಿದರು. ಅವನು ಯಂತ್ರದ ವೇಗ ಹೆಚ್ಚಿಸಿದ. ಅವರು ಇನ್ನೂ ಬಡಿದರು.

"ಬಡಕೋರಿ," ಎಂದು ನಕ್ಕ.

ಒನಕೆಗಳು ಏದುಸಿರು ಬಿಡುವಂತೆ ಬೀಳುತ್ತಿದ್ದವು. ಕಣ್ಣು ಉರಿಯಿತು. ಮುಖಕ್ಕೆ ಏನೋ ಬೆಚ್ಚಗೆ ಸಿಡಿಯಿತು. ಒರೆಸಿಕೊಂಡ. ಅಂಟು. ಕಿಟಕಿಯ ಸಂದಿನ ಬೆಳಕಿಗೆ ಕೈ ಹಿಡಿದ. ಬೆರಳಿನಲ್ಲಿ ಒಂದು ಚಿಂದಿ ಅಂಟಿಕೊಂಡಿತ್ತು. ಹಸಿರು. ಸಣ್ಣ ಜರಿ ಅಂಚು. ಅವನೇ ಗದುಗಿನ ಪೇಟೆಯಲ್ಲಿ ಆರಿಸಿದ ಅಂಚು.

ಯಂತ್ರ ನಿಲ್ಲಿಸಿದ.

ಸದ್ದು ನಿಂತಿತು. ಆಗ ಕೇಳಿಸಿತು. ಹಿಂದಿನ ಕೋಣೆಯಿಂದ ಬರುತ್ತಿದ್ದುದು ಚೀರಾಟ ಆಗಿರಲಿಲ್ಲ. ಚೀರಾಟ ಮುಗಿದ ಮೇಲೆ ಉಳಿಯುವ ಗೊರಗೊರ. ಹಿತ್ತಲ ಕಿಟಕಿಯಿಂದ ಓಣಿಯಾಚೆಗೆ ಕೇಳಿದ್ದ ಅವಳ ಕೂಗು, ಒಂದೇ ಬಾಗಿಲಿನಾಚೆ ಕೂತಿದ್ದ ಗಂಡನಿಗೆ ಕೇಳಿರಲಿಲ್ಲ.

ಓಡಿದ. ಬಾಗಿಲು ನೂಕಿದ. ಸೌಂದರ್ಯಾ ನೆಲದ ಮೇಲೆ ಮುದುಡಿದ್ದಳು. ಒಂದು ತೋಳು ಮೂರು ಕಡೆ ಮುರಿದು ಬೇರೆ ಬೇರೆ ದಿಕ್ಕಿಗೆ ತಿರುಗಿತ್ತು. ಪಕ್ಕೆ ಒಳಗೆ ಕುಸಿದಿತ್ತು. ಕೌದಿ ರಕ್ತದಲ್ಲಿ ತೊಯ್ದು ನೆಲಕ್ಕೆ ಅಂಟಿತ್ತು. ಕಣ್ಣಿನಲ್ಲಿ ಮಾತ್ರ ಜೀವವಿತ್ತು.

"ಸೌಂದರ್ಯಾ," ಎಂದು ಕಿರುಚಿದ.

ಅವಳ ಕೆಳತುಟಿ ಅವನ ಕಣ್ಣೆದುರೇ ಸೀಳಿತು.

ಏನೂ ತಿಳಿಯಲಿಲ್ಲ ಅವನಿಗೆ. "ಏನಾತ, ಯಾರು ಹೊಡದ್ರು..." ಅನ್ನುವಷ್ಟರಲ್ಲಿ ಅವಳ ಗಲ್ಲದ ಮೇಲೆ ಒಂದೊಂದು ಮಾತಿಗೆ ಒಂದೊಂದು ಬಾಸುಂಡೆ ಎದ್ದಿತು. ಹಿತ್ತಲಿನಿಂದ ಒಳಗೆ ನುಗ್ಗಿದ ಬೀರವ್ವ ಅವನ ಬಾಯಿ ಗಟ್ಟಿಯಾಗಿ ಮುಚ್ಚಿದಳು. ಅವಸರದಲ್ಲಿ ಅವಳ ಕಾಲು ತಾಗಿ ತಂಬಿಗೆ ಉರುಳಿತು. ಠಣ್ ಎಂದಿತು. ಸೌಂದರ್ಯಾಳ ಕಿರುಬೆರಳು ಕಟ್ಟಿಗೆಯಂತೆ ಮುರಿಯಿತು. ಅವಳಿಗೆ ಕೂಗುವಷ್ಟು ಉಸಿರೂ ಉಳಿದಿರಲಿಲ್ಲ.

ಬೀರವ್ವ ತುಟಿಯಷ್ಟೇ ಅಲ್ಲಾಡಿಸಿದಳು. "ಸಪ್ಪಳಾ ಬ್ಯಾಡ."

ಸುಭಾಸ ಸೌಂದರ್ಯಾಳ ಪಕ್ಕದಲ್ಲಿ ಮೊಣಕಾಲೂರಿದ. ಹೆಸರು ಬಾಯಿಗೆ ಬಂತು, ನುಂಗಿದ. ಜೀವಕ್ಕಿಂತ ಹೆಚ್ಚಾದ ಹೆಂಡತಿಗೆ ನಾ ಅದೀನಿ ಅನ್ನುವ ಒಂದು ಮಾತನ್ನೂ ಅವನು ಆಡುವಂತಿರಲಿಲ್ಲ. ಅವಳ ಕಣ್ಣು ಅವನನ್ನೇ ಹಿಡಿದಿತ್ತು. ನಿಶ್ಶಬ್ದದಲ್ಲಿ ಅವಳ ಉಸಿರು ತುಸು ಸಮ ಬಿತ್ತು. ಸದ್ದಾಗದಿದ್ದರೆ ಉಳಿದಾಳು. ಜನರನ್ನು ಕೂಡಿಸಿ, ಮೆಲ್ಲಗೆ ಎತ್ತಿ, ಊರಾಚೆ ಎಲ್ಲಾದರೂ ಕಪ್ಪತಗುಡ್ಡದ ಬುಡಕ್ಕೆ ಒಯ್ದರೆ ಉಳಿದಾಳು.

ಆಗ ಓಣಿಯ ತುದಿಯಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬಂತು. ಸೌಂದರ್ಯಾಳ ಮೂಗಿನಿಂದ ರಕ್ತ ಇಳಿಯಿತು.

ಅಲ್ಲೊಂದು ಹೊಸಮನೆಯ ವಾಸ್ತುಶಾಂತಿ. ಸಂಜೆಗೆ ಊಟ. ಮೈಕಿನ ನಜೀರಸಾಬ ಮಾಳಿಗೆಯ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಓಣಿಯ ಕಡೆಗೇ ಮುಖಮಾಡಿ ಇಟ್ಟು ತಂತಿ ಜೋಡಿಸುತ್ತಿದ್ದ.

ಸುಭಾಸ ಬರಿಗಾಲಲ್ಲಿ ಓಡಿದ. ಹೆಜ್ಜೆ ಸಪ್ಪಳವಾಗದಂತೆ ತುದಿಗಾಲಲ್ಲಿ ಓಡಿದ. ಕಟ್ಟೆಯ ಮೇಲೆ ಕೂತಿದ್ದ ಕಳಕವ್ವ ತಲೆ ಎತ್ತಲಿಲ್ಲ. ಮಾಳಿಗೆಯ ಕೆಳಗೆ ನಿಂತ. ಮೆಟ್ಟಿಲು ಮನೆಯ ಹಿಂದಿತ್ತು, ಹೊತ್ತಿರಲಿಲ್ಲ. ಕೈ ಬೀಸಿದ. ಕೂಗಲು ಬಾಯಿ ತೆರೆದ. ತನ್ನ ಕೂಗೇ ಅವಳ ಎದೆಗೆ ಬೀಳುತ್ತದೆ. ಬಾಯಿ ಮುಚ್ಚಿದ. ಎರಡೂ ಕೈ ಜೋಡಿಸಿದ. ಮಣ್ಣಿನಲ್ಲಿ ಮಂಡಿಯೂರಿದ. ತಲೆ ಅಲ್ಲಾಡಿಸಿದ, ಬೇಡ, ಬೇಡ.

ನಜೀರಸಾಬ ಕೆಳಗೆ ಬಗ್ಗಿ ನೋಡಿದ. ಹಗಲೆಲ್ಲ ಓಣಿ ನಡುಗಿಸುವ ಗಿರಣಿಯವನು ಹೀಗೆ ಕೈಮುಗಿದು ಕೂತದ್ದು ಅವನಿಗೆ ದೊಡ್ಡ ತಮಾಷೆಯಾಗಿ ಕಂಡಿತು.

"ಏನೋ ಸುಭಾಸಣ್ಣಾ, ನಿನಗೂ ಸಪ್ಪಳಾ ತ್ರಾಸಾ ಆತೇನು?" ಎಂದು ನಗುತ್ತ ಗುಂಡಿ ತಿರುವಿದ.