ಸಾಂತ್ವನಮಣಿಯ ಸಾಥ್

‘ಧೈರ್ಯ ತಂದುಕೊಳ್ಳಿ ಎನ್ನಬೇಡಿ. ಪಕ್ಕದಲ್ಲೇ ಇದ್ದೇನೆ ಎನ್ನಿ’ ಎಂದು ನೀಲವ್ವನ ಬಲಗಿವಿಯೊಳಗೆ ಸಾಂತ್ವನಮಣಿ ಪಿಸುಗುಟ್ಟಿತು.

“ನಿಮ್ಮ ಪಕ್ಕದಾಗ ಅದೀನ್ರಿ,” ಎಂದಳು ನೀಲವ್ವ.

ಗೋಡೆಯತ್ತ ಮುಖ ಮಾಡಿ ಮಲಗಿದ್ದ ಗಂಡ ಮುರಿಗೆಪ್ಪ ‘ಹೂಂ’ ಎಂದ, ಅಷ್ಟೇ.

ಕಿವಿಯಲ್ಲಿಡುವ, ಕಡಲೆಕಾಳಿನಷ್ಟು ಪುಟ್ಟ ಯಂತ್ರವಾಗಿದ್ದ ಆ ಮಣಿ ಎದುರಿನವರ ಉಸಿರು, ದನಿಯ ಕಂಪನ, ಮಾತಿನ ನಡುವಿನ ಮೌನ ಎಲ್ಲವನ್ನೂ ಅಳೆದು, ಆ ಗಳಿಗೆಗೆ ತಕ್ಕ ಮಾತನ್ನು ಆರೈಕೆ ಮಾಡುವವರ ಕಿವಿಗೆ ಹೇಳುತ್ತಿತ್ತು. ಅದನ್ನು ರೂಪಿಸಿದವರು ಧಾರವಾಡದ ವಿಜ್ಞಾನಿ ಡಾ. ವಾರಿಜಾ. ಮುರಿಗೆಪ್ಪ ಖಿನ್ನತೆಯಿಂದ ಹಾಸಿಗೆ ಹಿಡಿದ ಹೊಸದರಲ್ಲಿ ನೀಲವ್ವ ‘ಎದ್ದು ನಾಲ್ಕು ಹೆಜ್ಜಿ ಅಡ್ಡಾಡ್ರಿ, ಎಲ್ಲಾ ಸರಿ ಹೋಗ್ತದ’ ಎಂದು ಹೇಳಿ ಹೇಳಿ ಅವನನ್ನು ಇನ್ನಷ್ಟು ಮೂಲೆಗೆ ತಳ್ಳಿದ್ದಳು. ಬುದ್ಧಿ ಹೇಳುವ ಚಟ ಯಾರಿಗಿಲ್ಲ? ಪಾಪ, ಬೇರೆ ದಾರಿಯನ್ನು ಅವಳಿಗೆ ಕಲಿಸಿದವರಾದರೂ ಯಾರು?

“ಡಾಕ್ಟರು ಗುಳಿಗಿ ಕೊಟ್ಟಾರ್ರಿ. ಮಾತು ನಾ ಹೆಂಗ ಕೊಡ್ಲಿ?” ಎಂದು ನೀಲವ್ವ ಕೇಳಿದಾಗ ವಾರಿಜಾ ಮಣಿಯನ್ನು ಅವಳ ಅಂಗೈಗಿಟ್ಟಿದ್ದರು. “ಇದು ತಪ್ಪು ಮಾತು ಆಡೋಕೆ ಬಿಡೋದಿಲ್ಲಮ್ಮ.”

ಬಿಡಲೂ ಇಲ್ಲ. ಆದರೂ ಮುರಿಗೆಪ್ಪನ ಮಾತು ದಿನೇ ದಿನೇ ಕಡಿಮೆಯಾಯಿತು. ಗವಾಯಿಗಳಿಗೆ ಹಾರ್ಮೋನಿಯಂ ಸಾಥ್ ಕೊಡುತ್ತ ಬಾಳಿದವನು ಅವನು. ಅವನ ಹಾರ್ಮೋನಿಯಂ ಪೇಟಿ ಈಗ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಒಂದು ಸಲ, ಬರೀ ಒಂದು ಸಲ ಅವನು ‘ಚಾದಾಗ ಸಕ್ಕರಿ ಮರತಿ’ ಎಂದು ಗೊಣಗಿದರೂ ಸಾಕಿತ್ತು ಅವಳಿಗೆ.

ಅಂದು ಮಣಿ ಹೇಳಿಕೊಟ್ಟ ಇನ್ನೊಂದು ಮಾತನ್ನು ಅವಳು ಒಪ್ಪಿಸಿ ಮುಗಿಸುತ್ತಲೇ ಅವನು ಈಚೆ ಹೊರಳಿದ.

“ನೀಲಾ, ಯಾರಿಗೆ ಸಾಥ್ ಕೊಡಾಕತ್ತಿ?”

“ಏನ್ರಿ ಹಂಗಂದ್ರ?”

“ಗವಾಯಿ ಹಾಡಿದ್ದನ್ನ ಹಿಡಕೊಂಡು ಪೇಟಿ ಒಂದೀಟು ಹಿಂದ ಬರ್ತದ. ನಿನ್ನ ಮಾತೂ ಹಂಗ ಬರಾಕತ್ತಾವು. ಮುಂದ ಹಾಡವ್ರು ಯಾರು?”

ಮಣಿ ಏನೋ ಪಿಸುಗುಟ್ಟಿತು. ನೀಲವ್ವ ಅದನ್ನು ಕಿತ್ತು ಕಿಟಕಿಯಲ್ಲಿಟ್ಟಳು.

“ನನಗ ಮಾತಾಡಾಕ ಬರಂಗಿಲ್ರಿ,” ಎಂದಳು. “ತಪ್ಪಿದ್ರ ನೀವು ಇನ್ನೂ ದೂರ ಹೋಗ್ತೀರಿ ಅಂತ ಅಂಜಿಕಿ.”

ಅವಳು ಹಾಸಿಗೆಯ ಅಂಚಿನಲ್ಲಿ ಅವನ ಮಾತಿಗಾಗಿ ಕಾಯುತ್ತ ಕೂತಳು. ವಾರಿಜಾ ಅವರ ಯಂತ್ರ ಅವನ ದನಿಯನ್ನೆಲ್ಲ ಅಳೆದಿತ್ತು. ಅವನೂ ಅವಳ ದನಿಗೆ ಕಿವಿಗೊಟ್ಟು ಮಲಗಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಮುರಿಗೆಪ್ಪ ಕೈ ಚಾಚಿ ಅವಳ ಸೆರಗಿನ ತುದಿ ಹಿಡಿದ.

“ನಿನ್ನ ದನಿ ಕೇಳಿ ಎಷ್ಟು ದಿನಾ ಆಗಿತ್ತು,” ಎಂದ.