ಹಳೇ ಸ್ಕೀಮಿನ ಹುಡುಗ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಂಪ್ಲಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಸಿಟ್ಟಿನಲ್ಲೇ ನಾನು ಅವತ್ತು ಯಶವಂತನಗರಕ್ಕೆ ಹೋದೆ. ಗಣಿ ಕಂಪನಿಯ ಟೈಮ್ ಆಫೀಸಿನಲ್ಲಿ ಕುಳಿತಿದ್ದವನನ್ನೇ ಮ್ಯಾನೇಜರ್ ಎಂದುಕೊಂಡು, ನಿಂತಲ್ಲೇ ಬೈಯಲು ಶುರುಮಾಡಿದೆ.

ಬೈಯಲು ಕಾರಣವಿತ್ತು. ಹೊಸಪೇಟೆಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ಒಂದೆರಡು ವಿಷಯ ಉಳಿಸಿಕೊಂಡು ಮನೆಯಲ್ಲಿ ಕುಳಿತವರಿಗಾಗಿ ಸಂಜೆ ನಾಲ್ಕಕ್ಕೆ ರೆಮಿಡಿಯಲ್ ಕ್ಲಾಸ್ ತೆರೆದಿದ್ದರು. ಆಗಷ್ಟೇ ಎಂ.ಕಾಂ. ಮುಗಿಸಿದ್ದ ನನ್ನನ್ನು ಸ್ಟ್ಯಾಟಿಸ್ಟಿಕ್ಸ್ ಹೇಳಲು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಹುಡುಗರ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಹುಡುಗರು ಮಾತ್ರ ಗಣಿಯಲ್ಲಿದ್ದರು. ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಮೀಸೆ ಮೂಡಿದವರೆಲ್ಲ ಮಧ್ಯಾಹ್ನದ ಶಿಫ್ಟಿಗೆ ಹೋಗಿ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ಬರೆಯುತ್ತಿದ್ದರು, ಹೊಸ ಮೊಬೈಲ್ ಹಿಡಿದು ಓಡಾಡುತ್ತಿದ್ದರು, ಪರೀಕ್ಷೆ ಬಂದಾಗ ಬಂದು ಖಾಲಿ ಹಾಳೆ ಕೊಟ್ಟು ಹೋಗುತ್ತಿದ್ದರು.

ಅವನು ನನ್ನ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ನಡುವೆ ಒಮ್ಮೆ ನೀರಿನ ಲೋಟವನ್ನು ನನ್ನ ಕಡೆ ಸರಿಸಿದ. ನಾನು ಕುಡಿದು ಮತ್ತೆ ಮುಂದುವರಿಸಿದೆ. ಎಲ್ಲ ಮುಗಿದ ಮೇಲೆ, ತಾನು ಮ್ಯಾನೇಜರ್ ಅಲ್ಲ, ಶಿಫ್ಟ್ ಹಾಕುವ ಕ್ಲಾರ್ಕ್, ಹೆಸರು ಮೌನೇಶ್ ಎಂದು ತಿಳಿಸಿದ. ಭೂಮಿ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ, ಅಲ್ಲಿ ಅಗೆದ ಗುಂಡಿಗಳಿಗೇನೂ ಬರವಿರಲಿಲ್ಲ.

"ನಿಮ್ಮ ಹುಡುಗರನ್ನ ಮುಂಜಾನಿ ಶಿಫ್ಟಿಗೆ ಹಾಕ್ತೀನ್ರಿ. ಎರಡೂವರಿ ಕಂಪನಿ ಬಸ್ಸಿಗೆ ಹತ್ತಿಸಿ ಕಳಸ್ತೀನಿ," ಎಂದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೇಳಿದ, "ಆ ಬಸ್ಸಿಗೆ ನಾನೂ ಬರಬೌದೇನ್ರಿ ಮೇಡಂ? ನಂದೂ ಸ್ಟ್ಯಾಟಿಸ್ಟಿಕ್ಸ್ ಒಂದು ಉಳದೈತಿ."

ಅವನು ಹಳೇ ಸ್ಕೀಮಿನವನು. ವರ್ಷಕ್ಕೊಂದು ಪರೀಕ್ಷೆ ಇದ್ದ ಕಾಲದ ವಿದ್ಯಾರ್ಥಿ. ಈಗ ಸೆಮಿಸ್ಟರ್ ಬಂದಿತ್ತು. ಹಳೇ ಸ್ಕೀಮಿನವರಿಗೆ ಈ ವರ್ಷದ್ದೇ ಕೊನೆಯ ಪರೀಕ್ಷೆ, ಇದರಲ್ಲೂ ಹೋದರೆ ಡಿಗ್ರಿ ಹೋದ ಹಾಗೆಯೇ ಎಂದು ಯೂನಿವರ್ಸಿಟಿ ಹೇಳಿಬಿಟ್ಟಿತ್ತು. ಅವರ ಮನೆತನದಲ್ಲಿ ಡಿಗ್ರಿಯ ಹತ್ತಿರಕ್ಕೆ ಬಂದವನು ಇವನೊಬ್ಬನೇ. ಬರಲಿ ಎಂದೆ.

ನಮಗೆ ಬೇರೆ ಕೋಣೆ ಇರಲಿಲ್ಲವೆಂದು ಕೆಮಿಸ್ಟ್ರಿ ಲ್ಯಾಬ್ ಕೊಟ್ಟಿದ್ದರು. ಬೋರ್ಡಿನ ಪಕ್ಕಕ್ಕೆ ಗಾಜಿನ ಬಾಗಿಲಿನ ದೊಡ್ಡ ಕಪಾಟು. ನಾನು ಬೋರ್ಡಿಗೆ ತಿರುಗಿ ಬರೆಯುವಾಗ ಹಿಂದಿನ ಬೆಂಚುಗಳೆಲ್ಲ ಆ ಗಾಜಿನಲ್ಲಿ ಕಾಣುತ್ತಿದ್ದವು. ತಲೆಗೂದಲಿನಲ್ಲೂ ಅಂಗಿಯ ಕಾಲರಿನಲ್ಲೂ ಕೆಂಪು ಧೂಳು ಹೊತ್ತು ಬರುತ್ತಿದ್ದ ಮೌನೇಶ್, ಕರ್ಚೀಫಿನಿಂದ ಬೆಂಚು ಒರೆಸಿ ಕಿಟಕಿಯ ಪಕ್ಕ ಕೂರುತ್ತಿದ್ದ. ನಾನು ಕ್ಲಾಸಿನ ಕಡೆ ತಿರುಗಿದರೆ ಅವನು ಬೋರ್ಡು ನೋಡುತ್ತಿದ್ದ. ಬೋರ್ಡಿನ ಕಡೆ ತಿರುಗಿದರೆ ನನ್ನನ್ನು ನೋಡುತ್ತಿದ್ದ.

ಗಾಜಿನ ಗುಟ್ಟು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಬೋರ್ಡಿನ ಮೇಲೆ ಬರೆಯುವುದು ಮಾತ್ರ ದಿನೇ ದಿನೇ ಜಾಸ್ತಿಯಾಯಿತು.

ಶನಿವಾರಕ್ಕೊಂದು ಟೆಸ್ಟ್ ಇಡುತ್ತಿದ್ದೆ. ಎರಡು ಟೆಸ್ಟುಗಳಲ್ಲಿ ಚೆನ್ನಾಗಿ ಮಾಡಿದವರು ಇನ್ನು ದಿನಾ ಬರುವುದು ಬೇಡ, ಹೊಸ ಪಾಠವಿದ್ದ ದಿನ ಬಂದರೆ ಸಾಕು, ಆ ಜಾಗ ಇನ್ನೊಬ್ಬರಿಗೆ ಎಂದು ನಾನೇ ನಿಯಮ ಮಾಡಿದ್ದೆ. ವೇಬ್ರಿಡ್ಜಿನ ಹುಡುಗರು ಚಿಗುರಿಕೊಂಡರು. ಪ್ರಶ್ನೆಪತ್ರಿಕೆಯ ಇಂಗ್ಲಿಷ್ ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ ಮಲಪನಗುಡಿಯ ಹೇಮಾ ಕೂಡ, ಲೆಕ್ಕ ಏನು ಕೇಳುತ್ತಿದೆ ಎಂದು ಕನ್ನಡದಲ್ಲಿ ಬರೆದುಕೊಂಡು ಬಿಡಿಸತೊಡಗಿದಳು. ಮೌನೇಶ್ ಮಾತ್ರ ಇದ್ದಲ್ಲೇ ಇದ್ದ.

ನಾನು ಮಾಡದ ಪ್ರಯತ್ನವಿಲ್ಲ. ಲಾರಿಗಳ ತೂಕವನ್ನೇ ತೆಗೆದುಕೊಂಡು ಸರಾಸರಿ ಹೇಳಿಕೊಟ್ಟೆ. ಕ್ಲಾಸು ಮುಗಿದ ಮೇಲೆ ವಾಪಸ್ ಬಸ್ ಬರುವ ತನಕ ಅವನೊಬ್ಬನಿಗೇ ಪಾಠ ಮಾಡಿದೆ. ಅವನು ತಲೆಯಾಡಿಸುತ್ತಿದ್ದ, ಪೇಪರಿನ ಪೊಟ್ಟಣದಲ್ಲಿ ತಂದ ಮಿರ್ಚಿ ಬಜ್ಜಿಯನ್ನು ನನ್ನ ಕಡೆ ಸರಿಸುತ್ತಿದ್ದ. ಶನಿವಾರ ಬಂದರೆ ಅದೇ ಸೊನ್ನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ನನ್ನ ಕೆಲಸ.

"ಈಗರ ತಿಳೀತೇನ್ರಿ?" ಎಂದು ಒಮ್ಮೆ ಹಲ್ಲು ಕಚ್ಚಿಕೊಂಡು ಕೇಳಿದೆ.

"ನೀವು ಮುಂದ ಇರೂಮಟ ತಿಳಿತೈತ್ರಿ. ನೀವು ಆ ಕಡೆ ಹೋದ್ರ ಹೋಗಿಬಿಡ್ತೈತಿ."

"ಏನು ಹೋಗತೈತಿ?"

ಅವನು ನನ್ನ ಮುಖ ನೋಡಿದ, ಕೆಳತುಟಿ ಕಚ್ಚಿ ನಗು ತಡೆದುಕೊಂಡ. "ಲೆಕ್ಕ ರೀ," ಎಂದ.

ಆ ರಾತ್ರಿ ನಾನು ನಗುತ್ತ ಮಲಗಿದೆ ಎಂದರೆ ಸುಳ್ಳಾಗುತ್ತದೆ. ಮೊದಲು ನಕ್ಕೆ, ಆಮೇಲೆ ಅತ್ತೆ. ಮನಸ್ಸು ಯಾರ ಮೇಲೆ ಹೋಗಿದೆಯೋ ಅವನಿಗೇ ನನ್ನಿಂದ ಒಂದು ಲೆಕ್ಕ ಕಲಿಸಲು ಆಗುತ್ತಿಲ್ಲ. ಕೊನೆಯ ಪರೀಕ್ಷೆ ಹತ್ತಿರ ಬರುತ್ತಿದೆ. ದಡ್ಡ ಅವನಲ್ಲ, ಮಾತಿನಲ್ಲಿ ಗೊತ್ತಾಗುತ್ತದೆ. ಹಾಗಾದರೆ ತಪ್ಪು ಕಲಿಸುವವಳದ್ದೇ.

ಮಾಡೆಲ್ ಪರೀಕ್ಷೆಯಲ್ಲೂ ಅವನು ಫೇಲಾದಾಗ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ದಿನಾ ಪ್ರತ್ಯೇಕವಾಗಿ ಕೂರಿಸಿಕೊಂಡು ಹೇಳಿದವನದ್ದೇ ಈ ಗತಿಯಾದರೆ ಕ್ಲಾಸಿನಲ್ಲಿ ನಡೆಯುವುದಾದರೂ ಏನು ಎಂದು ಕೇಳಿದರು. ಜೋರಾಗಿ ಕೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಎಲ್ಲರೊಡನೆ ವಾದ ಮಾಡುವ ನಾನು ಅವತ್ತು ಒಪ್ಪಿಕೊಂಡುಬಿಟ್ಟೆ. ನನಗೆ ಪಾಠ ಮಾಡಲು ಬರುವುದಿಲ್ಲ ಸರ್, ಈ ಪರೀಕ್ಷೆ ಮುಗಿದ ಮೇಲೆ ಬಿಟ್ಟು ಹೋಗುತ್ತೇನೆ ಎಂದುಬಿಟ್ಟೆ. ಟೀಚರ್ ಆಗಬೇಕೆಂದು ಅಪ್ಪನೊಡನೆ ಜಗಳ ಮಾಡಿ ಊರು ಬಿಟ್ಟವಳು ನಾನು. ಮತ್ತೆ ಕಂಪ್ಲಿಗೆ ಹೋಗಿ ಅಪ್ಪನ ರೈಸ್‌ಮಿಲ್ಲಿನಲ್ಲಿ ಬಿಲ್ಲು ಬರೆಯುವುದೊಂದೇ ಇನ್ನು ಉಳಿದಿತ್ತು.

ಕಣ್ಣೊರೆಸಿಕೊಂಡು ಲ್ಯಾಬಿಗೆ ಬಂದೆ. ಒಳಗೆ ಯಾರೋ ಪಾಠ ಮಾಡುತ್ತಿದ್ದರು. ಬಾಗಿಲಲ್ಲೇ ನಿಂತೆ.

ಮೌನೇಶ್ ಬೋರ್ಡಿನ ಮುಂದೆ ನಿಂತು, ಮಾಡೆಲ್ ಪರೀಕ್ಷೆಯಲ್ಲಿ ಸೊನ್ನೆ ತೆಗೆದಿದ್ದ ಅದೇ ಲೆಕ್ಕವನ್ನು ಹೇಮಾಳಿಗೆ ಬಿಡಿಸಿ ತೋರಿಸುತ್ತಿದ್ದ. ನಾನು ಹೇಳಿಕೊಟ್ಟ ರೀತಿಯಲ್ಲೇ, ನನ್ನ ಮಾತುಗಳಲ್ಲೇ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಣ್ಣಾ, ಇಷ್ಟು ಬರುವಾಗ ಯಾಕೆ ಫೇಲಾಗುತ್ತೀ ಎಂದು ಹೇಮಾ ಕೇಳಿದಳು.

"ಪಾಸಾದವ್ರನ್ನ ಮೇಡಂ ಮನಿಗೆ ಕಳಸ್ತಾರಲ್ಲವಾ," ಎಂದ, ಕೈಗೆ ಹತ್ತಿದ ಚಾಕ್ ಪುಡಿ ಒರೆಸಿಕೊಳ್ಳುತ್ತ. "ಯೂನಿವರ್ಸಿಟಿ ಪರೀಕ್ಷಿಯಾಗ ಬರಿತೀನಿ ಬಿಡು. ಇಲ್ಲಿ ಬ್ಯಾಡ."

ಬೇರೆ ಹೊತ್ತಿನಲ್ಲಿ ಈ ಮಾತು ಕೇಳಿದ್ದರೆ ನನ್ನ ಎದೆ ಹೂವಾಗುತ್ತಿತ್ತೋ ಏನೋ. ಅವತ್ತು ಕೆಂಡವಾಯಿತು. ಅವನು ನನ್ನನ್ನು ಬಯಸುತ್ತಾನೆ ಎಂದು ತಿಳಿದ ಗಳಿಗೆಯಲ್ಲೇ, ಅವನ ಆಟಕ್ಕೆ ನಾನು ನನ್ನ ಕೆಲಸ ಕಳೆದುಕೊಂಡೆ ಎಂದೂ ತಿಳಿಯಿತು. ಎರಡನ್ನೂ ಒಟ್ಟಿಗೆ ನುಂಗುವಷ್ಟು ದೊಡ್ಡ ಗಂಟಲು ನನಗಿರಲಿಲ್ಲ.

"ನನಗ ಕಲಿಸಾಕ ಬರಂಗಿಲ್ಲ ಅಂತ ಈಗ ಪ್ರಿನ್ಸಿಪಾಲರ ಮುಂದ ಒಪ್ಪಿಕೊಂಡು ಬಂದೀನಿ," ಎಂದೆ. ಕ್ಲಾಸಿಗೆ ಬಂದು ಕುಳಿತಿದ್ದವರೆಲ್ಲ ತಿರುಗಿ ನೋಡಿದರು. "ಕೆಲಸ ಬಿಡ್ತೀನಿ ಅಂತ ಹೇಳಿ ಬಂದೀನಿ. ನಿಮಗ ಆಟ ಆತು. ಹೊರಗ ಹೋಗ್ರಿ."

ಅವನ ಮುಖದ ಬಣ್ಣ ಇಳಿಯಿತು. ಗೊತ್ತಿರಲಿಲ್ಲರೀ ಎಂದು ಏನೋ ಹೇಳಲು ಬಂದ. ನಾನು ಬಾಗಿಲು ತೋರಿಸಿದೆ. ಚಾಕ್ ಪೀಸನ್ನು ಮೇಜಿನ ಮೇಲಿಟ್ಟು ಹೋದ.

ಹೊರಗೆ ಹೋಗಿ ಎಂದರೆ ಅವತ್ತಿನ ಮಟ್ಟಿಗೆ ಎಂದು ಯಾರಿಗಾದರೂ ಅರ್ಥವಾಗುತ್ತದೆ. ಆ ಮಹಾರಾಯನಿಗೆ ಆಗಲಿಲ್ಲ. ಮರುದಿನ ಕಂಪನಿ ಬಸ್ ಬಂತು, ಹುಡುಗರು ಇಳಿದರು, ಅವನು ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಮೌನೇಶಣ್ಣ ಆಫೀಸಿನ್ಯಾಗ ಅದಾನ್ರಿ ಎಂದು ಹುಡುಗರು ತಾವಾಗಿ ಹೇಳುತ್ತಿದ್ದರು. ನಾನು ಕೇಳಿದೆನೇ ಎಂದು ಅವರ ಮೇಲೆ ಹರಿಹಾಯುತ್ತಿದ್ದೆ. ಬರಹೇಳು ಎಂಬ ಒಂದು ಮಾತನ್ನು ಅವರ ಕೈಯಲ್ಲಿ ಕಳಿಸಬಹುದಿತ್ತು. ತಪ್ಪು ಮಾಡಿದವನು ತಾನೇ ಬರಲಿ ಎಂದು ಹಟ ಹಿಡಿದೆ.

ಆ ವಾರಗಳಲ್ಲೇ ನಾನು ರಿಗ್ರೆಷನ್ ಮತ್ತು ಇಂಡೆಕ್ಸ್ ನಂಬರ್ಸ್ ಎಂಬ, ಬಾಕಿ ಉಳಿದಿದ್ದ ಎರಡು ದೊಡ್ಡ ಪಾಠ ಮುಗಿಸಿದ್ದು. ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಗಾಜಿನಲ್ಲಿ ಕಿಟಕಿಯ ಪಕ್ಕದ ಬೆಂಚು ಖಾಲಿ ಕಾಣುತ್ತಿತ್ತು. ಬರೆಯುವುದನ್ನು ಕಡಿಮೆ ಮಾಡಿ ಬಾಯಲ್ಲೇ ಹೇಳತೊಡಗಿದೆ.

ರಿಸಲ್ಟ್ ಬಂದ ದಿನ ಹೇಮಾ ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ವೇಬ್ರಿಡ್ಜಿನ ಹುಡುಗರಲ್ಲಿ ಹೆಚ್ಚಿನವರು ಪಾಸಾಗಿದ್ದರು. ಕಲಿಸಲು ಬರುವುದಿಲ್ಲ ಎಂದಿದ್ದು ಯಾರು ಎಂದು ಪ್ರಿನ್ಸಿಪಾಲರು ನಕ್ಕು, ಮುಂದಿನ ವರ್ಷವೂ ನೀವೇ ಇರಬೇಕು ಎಂದರು. ನಾನು ಹೂಂ ಎಂದೆ. ನನ್ನ ಕಣ್ಣು ಹಳೇ ಸ್ಕೀಮಿನ ಪಟ್ಟಿಯ ಮೇಲಿತ್ತು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದೆ. ಅವನ ನಂಬರ್ ಇರಲಿಲ್ಲ.

ಅದೇ ಸಂಜೆ ಅವನು ಬಂದ. ನಾನೊಬ್ಬಳೇ ಲ್ಯಾಬಿನಲ್ಲಿದ್ದೆ. ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ.

"ಇದೂ ಆಟ ಏನ್ರಿ?" ಎಂದೆ.

"ಇಲ್ರಿ ಮೇಡಂ. ಈ ಸಲ ಖರೇನ ಫೇಲಾಗೀನಿ." ನೆಲ ನೋಡುತ್ತ ಹೇಳಿದ. "ನೀವು ಕಲಿಸಿದ್ದು ಒಂದೂ ಬಿಡದಂಗ ಬರದೀನಿ. ನಾ ಕ್ಲಾಸಿಗೆ ಬರದ ಇದ್ದಾಗ ಕಲಿಸಿದ್ರಲ್ಲ, ಅದ ಭಾಳ ಬಂದಿತ್ತು."

ನಾನು ಸ್ಟೂಲಿನ ಮೇಲೆ ಕುಸಿದೆ. ಅವನ ಮೇಲೆ, ನನ್ನ ಮೇಲೆ, ಯೂನಿವರ್ಸಿಟಿಯ ಮೇಲೆ, ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಅವರ ಮನೆಯ ಮೊದಲ ಡಿಗ್ರಿ ಕೈತಪ್ಪಿ ಹೋಗಿತ್ತು.

"ಮತ್ತ ಯಾಕ ಬರಲಿಲ್ಲ?"

"ಹೋಗ್ರಿ ಅಂದ್ರಲ್ರಿ."

"ಅವತ್ತಿಗೆ ಅಂದಿದ್ದೆ."

"ನಾಳಿ ಬರ್ರಿ ಅನ್ನಲಿಲ್ರಿ ನೀವು."

ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅವನು ಗಾಬರಿಯಾಗಿ ಎರಡು ಹೆಜ್ಜೆ ಒಳಗೆ ಬಂದ. ಕರ್ಚೀಫ್ ತೆಗೆದ, ಅದರ ಕೆಂಪು ಧೂಳು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಹಳೇ ಸ್ಕೀಮ್ ಮುಗದು ಹೋತು," ಎಂದೆ. "ಇನ್ನ ನಿಮಗ ಪಾಸಾಗಾಕೂ ಪರೀಕ್ಷಿ ಇಲ್ಲ, ಫೇಲಾಗಾಕೂ ಇಲ್ಲ. ಮತ್ತ ಇವತ್ತು ಇಲ್ಲಿಗ್ಯಾಕ ಬಂದ್ರಿ?"

ಉತ್ತರ ನನಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳಲಿ ಎಂದು ಕಾದೆ. ಅವನು ಕಿಟಕಿ ನೋಡಿದ, ಬೋರ್ಡು ನೋಡಿದ. ಹಂಗ ಸುಮ್ಮನ ಬಂದೆ, ಬಸ್ ಇತ್ತು, ಎಂದು ತಡವರಿಸಿದ. ಅರ್ಧ ಉತ್ತರಕ್ಕೆ ಮಾರ್ಕ್ಸ್ ಇಲ್ಲ ಎಂದೆ.

ಆಗ ನೇರವಾಗಿ ನನ್ನ ಕಣ್ಣು ನೋಡಿದ. ಗಾಜಿಲ್ಲದೆ ಅವನ ನೋಟ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ನಿಮ್ಮನ್ನ ನೋಡದ ಇರಾಕ ಆಗವಲ್ದು, ಅದಕ್ಕ ಬಂದೀನಿ. ಮೊದಲಿಂದ್ಲೂ ಅದಕ್ಕ ಬಂದೀನಿ. ನಿಮ್ಮನ್ನ ಲಗ್ನ ಆಗಬೇಕಂತ ಆಸಿ ಐತ್ರಿ. ಆದ್ರ ಈಗ ಡಿಗ್ರಿನೂ ಇಲ್ಲ ನನಗ, ಯಾವ ಬಾಯಿಲೆ ಕೇಳ್ಲಿ?"

ಮುಕ್ತ ವಿಶ್ವವಿದ್ಯಾಲಯದಲ್ಲಿ ಮತ್ತೆ ಮೊದಲ ವರ್ಷದಿಂದ ಬರೆಯಬಹುದು ಎಂದೆ. ಮೂರು ವರ್ಷ ಹಿಡಿಯುತ್ತದೆ ಎಂದೂ ಹೇಳಿದೆ. ಅವನು ಮೂರು ವರ್ಷವನ್ನು ಮನಸ್ಸಿನಲ್ಲೇ ಅಳೆದ.

"ಅಲ್ಲೀತನಕ ಕಾಯ್ತೀರೇನ್ರಿ?"

"ಕಾಯಂಗಿಲ್ಲ. ಲಗ್ನ ಆದಮ್ಯಾಲ ಓದಿಸ್ತೀನಿ."

ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮುಖ ಅರಳಿತು, ಮರುಗಳಿಗೆಯಲ್ಲಿ ಮತ್ತೆ ಮುದುಡಿತು. ನಿಮ್ಮ ಮನೆಯವರು ಏನನ್ನುತ್ತಾರೆ ಎಂದು ಕೇಳಿದ. ಅವರ ಜಾತಿ ಬೇರೆ, ನಮ್ಮದು ಬೇರೆ. ಅಪ್ಪ ಮೊದಲು ಜಾತಿ ಕೇಳುತ್ತಾನೆ, ಆಮೇಲೆ ಡಿಗ್ರಿ ಕೇಳುತ್ತಾನೆ. ಎರಡಕ್ಕೂ ನಮ್ಮ ಹತ್ತಿರ ಅಪ್ಪನಿಗೆ ಬೇಕಾದ ಉತ್ತರ ಇಲ್ಲ. ಇದನ್ನೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದೆ. ಅಪ್ಪನೆದುರು ಮೊದಲು ನಾನೇ ಮಾತಾಡುತ್ತೇನೆ, ನೀವು ಪಕ್ಕದಲ್ಲಿದ್ದರೆ ಸಾಕು ಎಂದೆ.

ಹೊರಗೆ ಕಂಪನಿ ಬಸ್ ಹಾರ್ನ್ ಹೊಡೆಯಿತು. ಅವನು ಹೊರಡಲಿಲ್ಲ.

"ಭಾನುವಾರ ಕಂಪ್ಲಿಗೆ ಬರ್ರಿ," ಎಂದೆ. "ನಮ್ಮಪ್ಪ ಎದ್ದು ಹೋಗ್ರಿ ಅಂತಾರ. ಅಂದ್ರ ಹೋಗಬ್ಯಾಡ್ರಿ."

"ಇಲ್ರಿ," ಎಂದ ಮೌನೇಶ್. "ಅಲ್ಲೇ ಕುಂದ್ರತೀನಿ."