ರೈಲೋ, ರೈಲಿನವನೋ?

“ಕೊನೆಯ ಸಾಲು ಓದಿ.”

ರೈಲಿನ ಡ್ರೈವರ್ ಪಟಪಟನೆ ಓದಿ ಮುಗಿಸಿದ. ಒಂದಕ್ಷರಕ್ಕೂ ತಡವರಿಸಲಿಲ್ಲ.

ರೈಲ್ವೆ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸುವ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನು ಓದಿದ್ದು ಹಳೆಯ ಚಾರ್ಟ್! ಆ ಬೆಳಿಗ್ಗೆಯೇ ಅವಳು ಅದನ್ನು ತೆಗೆದು ಬೇರೆಯದನ್ನು ತೂಗುಹಾಕಿದ್ದಳು.

“ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಾ?”

ಅವನು ಪೆಚ್ಚಾದ. “ಮೇಡಂ... ಎಂಜಿನ್ ಬಿಟ್ರೆ ನಂಗೆ ಬೇರೇನೂ ಗೊತ್ತಿಲ್ಲ.”

“ಹಿಂದೆ ಅಷ್ಟೊಂದು ಜನ ಕೂತಿರ್ತಾರಲ್ಲ, ಅದಾದ್ರೂ ಗೊತ್ತಾ?”

ಕಂಡದ್ದನ್ನು ಕಂಡ ಹಾಗೆ ಬರೆದಳು. ಡಾಕ್ಟರು ಕನ್ನಡಕದ ಜೊತೆಗೆ ಔಷಧಿಯನ್ನೂ ಕೊಟ್ಟರು. ಕೆಲವು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ, ಅಲ್ಲಿಯವರೆಗೆ ಎಂಜಿನ್ ಹತ್ತುವ ಹಾಗಿಲ್ಲ ಎಂದರು.

ಅವಳಿಗೆ ಅಷ್ಟು ಸಿಟ್ಟು ಬರಲು ಕಾರಣವಿತ್ತು. ಒಂದು ಕಾಲದಲ್ಲಿ ಅವಳೂ ರೈಲು ಓಡಿಸುವ ಕೆಲಸಕ್ಕೆ ಆಯ್ಕೆಯಾಗಿದ್ದಳು. ತರಬೇತಿಗೆ ಹೋಗಲಿಲ್ಲ. “ಅಮ್ಮ ಬೇಡ ಅಂದ್ರು” ಎಂದು ಕೇಳಿದವರಿಗೆಲ್ಲ ಹೇಳುತ್ತಾ ಬಂದಳು. ಈಗ ವಯಸ್ಸಿನ ಮಿತಿ ದಾಟಿದೆ. ಎಂಜಿನ್ ಕೂಗಿದರೆ ಈಗಲೂ ಕೈಯಲ್ಲಿರುವ ಕೆಲಸ ನಿಂತುಹೋಗುತ್ತದೆ.

ಕಣ್ಣಿಗೆ ಹಾಕುವ ಔಷಧಿಗೆಂದು ಅವನು ಆಗಾಗ ಬರತೊಡಗಿದ. ಮೊದಲ ದಿನದ ಜಗಳ ಕ್ಯಾಂಟೀನಿನ ಚಹಾದಲ್ಲಿ ಕರಗಿತು. ಮಂಜು ಕವಿದಾಗ ಸಿಗ್ನಲ್ ಹೇಗೆ ನೋಡುತ್ತೀರಿ, ಇಳಿಜಾರಿನಲ್ಲಿ ಬ್ರೇಕ್ ಎಲ್ಲಿಂದ ಹಿಡಿಯಬೇಕು... ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ!

“ಏನೇ ಇದು, ಊಟಕ್ಕೆ ಕೂತ್ರೂ ಡ್ರೈವರ್ ಪುರಾಣನೇ?” ಎಂದು ಅಮ್ಮ ನಕ್ಕರು.

ಎರಡನೆಯ ಪರೀಕ್ಷೆಯಲ್ಲಿ ಕನ್ನಡಕ ಹಾಕಿದರೂ ಅವನಿಗೆ ಕೊನೆಯ ಸಾಲಿನ ಅಕ್ಷರಗಳು ಕಾಣಲಿಲ್ಲ. ಅವಳು ಈ ಸಲವೂ ನಿಜವನ್ನೇ ಬರೆದಳು. ಅವನನ್ನು ನಿಲ್ದಾಣದ ವಿಚಾರಣೆ ಕೌಂಟರಿಗೆ ಹಾಕಿದರು. ಆಮೇಲೆ ಅವನು ಆಸ್ಪತ್ರೆಗೆ ಬರುವುದೂ ನಿಂತಿತು.

‘ಅವರ ಅನ್ನ ಕಿತ್ಕೊಂಡವಳ ಮುಖ ಯಾಕೆ ನೋಡ್ತಾರೆ?’ ಎಂದು ಒಳಗೊಳಗೇ ಬೆಂದಳು. ಕೊನೆಗೆ ತಡೆಯಲಾರದೆ ತಾನೇ ಹೋಗಿ ಕೌಂಟರಿನ ಮುಂದೆ ನಿಂತಳು.

“ನನ್ಮೇಲೆ ಸಿಟ್ಟಾ?”

“ಸಿಟ್ಟಲ್ಲ. ನೀವು ಕೇಳ್ತಿದ್ದದ್ದೆಲ್ಲ ಎಂಜಿನ್ ಬಗ್ಗೆನೇ. ಈಗ ನನ್ನ ಹತ್ರ ಹೇಳೋಕೆ ಏನಿದೆ?”

ಅವಳಿಗೆ ಚುರುಕ್ಕೆಂದಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

“ಮೊದಮೊದಲು ರೈಲಿಗೋಸ್ಕರನೇ ನಿಮ್ಮ ಮಾತು ಕೇಳಿದ್ದು. ಆಮೇಲೆ... ನೀವು ಬರದ ದಿನ ಚಹಾನೂ ಬೇಡ ಅನ್ಸೋಕೆ ಶುರುವಾಯ್ತು. ಇನ್ನೊಂದು ನಿಜ ಹೇಳ್ಲಾ? ಡ್ರೈವರ್ ಕೆಲಸ ಅಮ್ಮ ಬೇಡ ಅಂದ್ರು ಅಂತ ನಿಮ್ಗೂ ಹೇಳಿದ್ನಲ್ಲ, ಅವರು ಬೇಡ ಅನ್ಲೇ ಇಲ್ಲ. ಅಷ್ಟು ಜನರ ಜೀವ ನನ್ನ ಕೈಲಿ ಅಂತ ನಂಗೇ ಭಯ ಆಗಿತ್ತು. ತಪ್ಪನ್ನ ಅಮ್ಮನ ತಲೆಗೆ ಕಟ್ಟಿದೆ.”

“ಇದನ್ನ ನಂಗ್ಯಾಕೆ ಹೇಳ್ತಿದ್ದೀರಿ?”

“ಇನ್ನೊಂದು ಸಲ ಹೆದರ್ಕೊಂಡು ಮನೇಲಿ ಕೂರೋಕೆ ಆಗಲ್ಲ. ನಂಗೆ ನೀವು ಬೇಕು!”

ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸು ತನ್ನ ರೈಲಿನ ಪ್ಲಾಟ್‌ಫಾರ್ಮ್ ಯಾವುದೆಂದು ಕೇಳಿದಳು. ಅವನು ಎರಡು ಎಂದ, ಅಲ್ಲ ಮೂರು ಎಂದ, ಮತ್ತೆ ನೋಡಿ ಎರಡೇ ಎಂದ.

“ಡ್ಯೂಟಿ ಇನ್ನೇನು ಮುಗಿಯುತ್ತೆ... ಕಾಯ್ತೀರಾ?”

“ಕಾಯ್ತೀನಿ. ಆದ್ರೆ ಇವತ್ತು ರೈಲಿನ ವಿಷಯ ಬೇಡ.”

“ಮತ್ತೇನು ಮಾತಾಡೋದು?”

“ನಿಮ್ಮ ಮನೇಲಿ ಯಾರ್ಯಾರಿದ್ದಾರೆ? ಇಷ್ಟು ದಿನ ಅದನ್ನೇ ಕೇಳಿಲ್ಲ ನೋಡಿ ನಾನು.”